ಉತ್ತರಾಧಿಕಾರಿಯ ಒಲವು ಮತ್ತು ಪೇಢಿಯ ಭವಿಷ್ಯ

ದೀಪಾವಳಿಯ ಲಕ್ಷ್ಮೀಪೂಜೆಯಂದು ಕಕ್ಷಿದಾರರ ಅಂಗಡಿಗಳಿಗೆ ಹೋಗಿಬರುವುದು ನಮ್ಮ ವೃತ್ತಿಯವರ ವಾಡಿಕೆ. ಮಂಗಳಾರತಿಯಾಗಿ ಫಲತಾಂಬೂಲ ಕೈಗೆ ಬಂದ ಮೇಲೆ ನೆರೆದ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಮಗ ಯಾವಾಗಿನಿಂದ ಗಲ್ಲಾದ ಮೇಲೆ ಕೂರುತ್ತಾನೆ?" ಕೂರುವ ಮನಸ್ಸು ಅವನಿಗಿದೆಯೇ ಎಂದು ಕೇಳಿದವರು ಮೂವತ್ತು ವರ್ಷಗಳ ವೃತ್ತಿಜೀವನದಲ್ಲಿ ನನಗೆ ಕಂಡದ್ದು ವಿರಳ. ನಾನೂ ಕೇಳಿದವನಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ, ಮೂರು ತಲೆಮಾರಿನ ಜವಳಿ ಅಂಗಡಿಯ ಮಾಲೀಕರೊಬ್ಬರು ಮಗನನ್ನು ನನ್ನ ಕಚೇರಿಗೆ ಕರೆತಂದರು. ಬಿ.ಕಾಂ. ಮುಗಿಸಿದ್ದ ಹುಡುಗ, ಊರ ಹೊರಗಿನ ಎಂಟು ಎಕರೆ ಖುಷ್ಕಿ ಜಮೀನಿನಲ್ಲಿ ಬೇಸಾಯ ಮಾಡುವೆನೆಂದು ಹಟ ಹಿಡಿದಿದ್ದ. "ನಾಲ್ಕು ಜನ ಏನೆಂದಾರು ಸಾರ್? ನೀವಾದರೂ ಬುದ್ಧಿ ಹೇಳಿ" ಎಂದರು ತಂದೆ. ನಾನು ಅಂಗಡಿಯ ಲಾಭವನ್ನೂ ರಾಗಿಯ ಹುಟ್ಟುವಳಿಯನ್ನೂ ಒಂದೇ ಕಾಗದದಲ್ಲಿ ಅಕ್ಕಪಕ್ಕ ಬರೆದು ತೋರಿಸಿದೆ. ಹುಡುಗ ಮರುಮಾತಾಡದೆ ನಾಲ್ಕು ವರ್ಷ ಅಂಗಡಿಯಲ್ಲಿ ಕುಳಿತ. ಆ ಅವಧಿಯಲ್ಲಿ ಉದ್ರಿ ಬಾಕಿ ಬೆಳೆಯಿತು, ಹಳೆಯ ದಾಸ್ತಾನು ಕರಗದೆ ಉಳಿಯಿತು, ತಂದೆ ಮಕ್ಕಳ ನಡುವೆ ಮಾತು ನಿಂತಿತು. ನನ್ನ ಕೂಡುವಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಒಂದು ಬಾಬನ್ನು ಬರೆಯದೆ ಬಿಟ್ಟಿದ್ದೆ. ಮನಸ್ಸಿಲ್ಲದವನನ್ನು ಗಲ್ಲಾದ ಮೇಲೆ ಕೂರಿಸುವುದರಿಂದಾಗುವ ನಷ್ಟವೇ ಆ ಬಾಬು.

ಕೊನೆಗೆ ಪೇಢಿಯನ್ನು ಉಳಿಸಿದವಳು ಮಗಳು. ಅದುವರೆಗೆ ಸಂಜೆಯ ಹೊತ್ತು ರೋಕಡಿ ಪುಸ್ತಕ ಬರೆಯುತ್ತಿದ್ದ ಆಕೆ, ಅಂಗಡಿಯನ್ನು ತಾನೇ ನೋಡಿಕೊಳ್ಳುವುದಾಗಿ ಮುಂದೆ ಬಂದಳು. ಮಗ ಹೊಲಕ್ಕೆ, ಮಗಳು ಗಲ್ಲಾಕ್ಕೆ ಎಂದು ಬೀದಿಯವರು ನಕ್ಕರು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪುತ್ರಿಯರಿಗೂ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತ್ತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಕಾನೂನು ಇಷ್ಟು ಮುಂದೆ ನಡೆದಿದ್ದರೂ ನಮ್ಮ ಪೇಟೆಯ ದೃಷ್ಟಿ ಹಿಂದೆಯೇ ಉಳಿದಿತ್ತು.

ರೂಢಿ ಬಿಟ್ಟ ದಾರಿಯೆಲ್ಲ ಲಾಭದ ದಾರಿಯೆಂಬುದು ನನ್ನ ವಾದವಲ್ಲ. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಆ ವೃತ್ತಿಯನ್ನು ತೊರೆದು ಹಾಸನ ಜಿಲ್ಲೆಯ ಜಾವಗಲ್ ಸಮೀಪ ಬೇಸಾಯಕ್ಕಿಳಿದರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ಆರಂಭಿಸಿ, ವಿಮಾನವನ್ನು ಕಾಣದಿದ್ದವರನ್ನೂ ವಿಮಾನ ಹತ್ತಿಸಿದರು. ಆ ಸಂಸ್ಥೆ ನಷ್ಟವನ್ನೂ ಕಂಡಿತು. 2008ರಲ್ಲಿ ಕಿಂಗ್‌ಫಿಷರ್‌ನೊಡನೆ ಒಂದಾಯಿತು. ಕಿಂಗ್‌ಫಿಷರ್‌ನ ಹಾರಾಟವೂ 2012ರಲ್ಲಿ ನಿಂತಿತು. ಇಂತಹ ಜೀವನದ ಸೋಲು ಗೆಲುವನ್ನು ಯಾವ ವರ್ಷದ ಅಢಾವೆ ಪತ್ರಿಕೆ ನೋಡಿ ನಿರ್ಣಯಿಸೋಣ? ಒಂದು ವರ್ಷದ ಲೆಕ್ಕದಿಂದ ಇಡೀ ಬಾಳನ್ನು ಅಳೆಯಲಾಗದು. ನಾನು ಆ ಹುಡುಗನ ವಿಷಯದಲ್ಲಿ ಮಾಡಿದ್ದೂ ಅದೇ ತಪ್ಪು.

ಮಕ್ಕಳ ಬೇರೆ ಒಲವಿಗೆ ತಂದೆ ಅಡ್ಡಬರುವುದು ಪ್ರೀತಿಯ ಕೊರತೆಯಿಂದಲ್ಲ. ಮಗನಿಲ್ಲದಿದ್ದರೆ ಅಂಗಡಿಯೇ ಇಲ್ಲವೆಂಬ ಭಯ ಅವರದು. ಪೇಢಿಯ ಕಾಗದಪತ್ರ ಸರಿಯಿಲ್ಲದ ಮನೆಯಲ್ಲಿ ಆ ಭಯ ನಿಜವೇ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 42ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ ಪಾಲುದಾರನೊಬ್ಬನ ಮರಣದಿಂದ ಪೇಢಿ ವಿಸರ್ಜನೆಗೊಳ್ಳುತ್ತದೆ. ನಿವೃತ್ತನ ಲೆಕ್ಕ ಚುಕ್ತಾ ಮಾಡದೆ ಅವನ ಪಾಲಿನ ಆಸ್ತಿಯಿಂದ ವ್ಯಾಪಾರ ಮುಂದುವರಿಸಿದರೆ, ಒಪ್ಪಂದವು ಬೇರೆ ಹೇಳದಿದ್ದಲ್ಲಿ, ಆ ಪಾಲಿಗೆ ಸಲ್ಲುವ ಲಾಭವನ್ನಾಗಲಿ ಶೇಕಡಾ 6ರ ವಾರ್ಷಿಕ ಬಡ್ಡಿಯನ್ನಾಗಲಿ ಅವನು ಕೇಳಬಹುದೆಂದು 37ನೇ ಕಲಮು ಹೇಳುತ್ತದೆ. ಇವೆಲ್ಲಕ್ಕೂ ಕರಾರು ಪತ್ರದಲ್ಲಿಯೇ ಮೊದಲು ದಾರಿ ಮಾಡಿಡಬಹುದು. ಪಾಲುದಾರರು ಬದಲಾದರೂ ಸಂಸ್ಥೆ ಉಳಿಯಬೇಕೆಂದರೆ 2008ರ ಕಾಯಿದೆಯಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯನ್ನೂ ರಚಿಸಿಕೊಳ್ಳಬಹುದು.

ಹೊರಹೋಗುವವರಿಗೂ ಕರ್ತವ್ಯವಿದೆ. ಸ್ವಾತಂತ್ರ್ಯದ ಹೆಸರಿನಲ್ಲಿ ರಾತ್ರೋರಾತ್ರಿ ಬಂಡವಾಳ ಕೀಳುವುದು ನ್ಯಾಯವಲ್ಲ. ಪಾಲನ್ನು ಕಂತುಗಳಲ್ಲಿ ಪಡೆಯಲು ಒಪ್ಪಬೇಕು. ನಿವೃತ್ತಿಯನ್ನು ಲಿಖಿತದಲ್ಲಿ ದಾಖಲಿಸಿ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಪ್ರಕಟಣೆ ಕೊಡದಿದ್ದರೆ, ಮುಂದಿನ ವ್ಯವಹಾರಗಳಿಗೂ ಮೂರನೆಯವರು ಅವರನ್ನು ಹೊಣೆಯಾಗಿಸುವ ಸಂಭವವಿದೆ. ಲೆಕ್ಕ ಚುಕ್ತಾ ಮಾಡಿ ಹೊರಟವರು ಹಬ್ಬಕ್ಕೆ ಅದೇ ಮನೆಗೆ ತಲೆಯೆತ್ತಿ ಬರಬಲ್ಲರು.

ಆ ಜವಳಿ ಅಂಗಡಿಯ ಹೊಸ ಕರಾರು ಪತ್ರವನ್ನು ಬರೆದವನು ನಾನೇ. ಮಗನ ಪಾಲು ಐದು ವರ್ಷಗಳಲ್ಲಿ ಚುಕ್ತಾ ಆಯಿತು. ಎರಡು ವರ್ಷ ಮಳೆ ಕೈಕೊಟ್ಟಾಗ ಅವನು ಸಾಲವನ್ನೂ ಮಾಡಿದ. ಆದರೆ ಹೊಲ ಬಿಡಲಿಲ್ಲ. ಈಗ ಪ್ರತಿ ದೀಪಾವಳಿಗೆ ಅಂಗಡಿಯ ಪೂಜೆಗೆ ಬಾಳೆಕಂದು, ಚೆಂಡುಹೂವು ಅವನ ಜಮೀನಿನಿಂದಲೇ ಬರುತ್ತವೆ. ತಂದೆ ಮಕ್ಕಳು ಮಾತಾಡುತ್ತಾರೆ.

ವರ್ತಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ಸಲ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವ ಮುನ್ನ ಹಳೆಯ ಕರಾರು ಪತ್ರವನ್ನು ಹೊರತೆಗೆದು ಓದಿ. ಆ ಬಳಿಕ ಮಗನನ್ನೂ ಮಗಳನ್ನೂ ಕೂರಿಸಿಕೊಂಡು, ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ. ಉತ್ತರ ನೀವು ಬಯಸಿದ್ದಾಗದಿರಬಹುದು. ಅದನ್ನು ಇಂದೇ ತಿಳಿದರೆ ಏರ್ಪಾಡಿಗೆ ಕಾಲಾವಕಾಶವಿರುತ್ತದೆ.