ಸೋರದ ಮುಚ್ಚಳದ ವಿಚಾರ

ಬೊಮ್ಮನಹಳ್ಳಿಯ ಅಂಗಡಿಯಿಂದ ತಂದ ಕ್ಷೌರದ ನೊರೆಯ ಡಬ್ಬಿಯು, ಬಸ್ಸಿನ ನೂಕುನುಗ್ಗಲಿನಲ್ಲಿ ಮುಚ್ಚಳ ಕಳಚಿ ಗುಂಡಿ ಅದುಮಿಕೊಂಡುದರಿಂದ, ಮನೆ ಸೇರುವಷ್ಟರಲ್ಲಿ ಕೈಚೀಲದ ಮಡಿಕೆಗಳಲ್ಲೆಲ್ಲ ಬೆಳ್ಳಗೆ ಉಕ್ಕಿತ್ತು.

ಇಂಥ ಡಬ್ಬಿಗಳ ಗುಂಡಿಯ ಕೆಳಗಿರುವ, 1953ರಲ್ಲಿ ಅಮೆರಿಕದ ರಾಬರ್ಟ್ ಅಬ್‌ಪ್ಲಾನಾಲ್ಪ್ ಪೇಟೆಂಟ್ ಪಡೆದ ಬಗೆಯ ಕವಾಟದ ತತ್ತ್ವವು ಸರಳವಾದುದು: ಸ್ಪ್ರಿಂಗು ಕವಾಟದ ಕಾಂಡವನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುವವರೆಗೆ ಅನಿಲವಾಗಲಿ ನೊರೆಯಾಗಲಿ ಹೊರಬಾರದು. ಆದರೆ ಮುಚ್ಚಳದ ಒಳಮೈ ಗುಂಡಿಗೆ ತಾಗುವಂತಿದ್ದರೆ, ಅಥವಾ ಅದರ ಅಂಚಿನ ಕಚ್ಚು ಸಡಿಲವಾಗಿದ್ದರೆ, ಆ ಉತ್ತಮ ಕವಾಟವೂ ನಿಷ್ಪ್ರಯೋಜಕವೇ ಸರಿ.

ಮುಚ್ಚಳದಂಥ ವಸ್ತುಗಳನ್ನು ಎರೆಯುವ ಅಚ್ಚುಗಳ ತಯಾರಿಕೆಯನ್ನು 1972ರಿಂದ ಕಲಿಸುತ್ತ ಬಂದಿರುವ ಬೆಂಗಳೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು, ಗುಂಡಿಗೆ ತಾಗದ, ಬಿಗಿಯಾದ ಕಚ್ಚಿನ ಮುಚ್ಚಳವೊಂದನ್ನು ರಚಿಸಿ, ತುಂಬಿದ ಚೀಲದಲ್ಲಿ ಕುಲುಕಿ ಪರೀಕ್ಷಿಸುವುದನ್ನು ವಿದ್ಯಾರ್ಥಿಗಳ ಅಭ್ಯಾಸವಾಗಿಸಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.