ನೋವು ಸೊಂಟಕ್ಕೆ, ಪಟ್ಟಿ ತೋಳಿಗೆ

ನಮ್ಮ ಮನೆಯಲ್ಲಿ ಭಾನುವಾರ ಎಂದರೆ ಪಟ್ಟಿ ಬದಲಾಯಿಸುವ ದಿನ. ಬೆಳಗಿನ ಕಾಫಿ ಆದ ಮೇಲೆ ನನ್ನಾಕೆ ತೋಳು ಮುಂದೆ ಮಾಡಿ ಕುಳಿತುಕೊಳ್ಳುತ್ತಾಳೆ. ನಾನು ಕನ್ನಡಕ ಏರಿಸಿ, ಹೋದ ವಾರದ ಪಟ್ಟಿಯನ್ನು ಮೆಲ್ಲಗೆ ಕಿತ್ತು, ಹೊಸದನ್ನು ಇನ್ನೊಂದು ಜಾಗಕ್ಕೆ ಅಂಟಿಸಿ, ಅರ್ಧ ನಿಮಿಷ ಅಂಗೈಯಿಂದ ಒತ್ತಿ ಹಿಡಿಯುತ್ತೇನೆ. ಧಾರೆಯ ದಿನ ಬಿಟ್ಟರೆ ನಾನು ಇಷ್ಟು ಶ್ರದ್ಧೆಯಿಂದ ಕೈ ಹಿಡಿದದ್ದು ಈಗಲೇ ಎಂದು ಆಕೆ ಹಾಸ್ಯ ಮಾಡುವುದುಂಟು.

ಆಕೆಯ ಸೊಂಟದ ಡಿಸ್ಕಿಗೆ ಆಪರೇಷನ್ ಆಗಿ ಎಂಟು ವರ್ಷವಾಯಿತು. ಗಾಯ ಮಾಯಿತು, ನೋವು ಮಾಯಲಿಲ್ಲ. ಸ್ಕ್ಯಾನಿನಲ್ಲಿ ಹೊಸದೇನೂ ಕಾಣಲಿಲ್ಲ. ‘ಎಲ್ಲ ಸರಿಯಾಗಿದೆಯಂತಲ್ಲ, ಇನ್ನೇನು?’ ಎಂದು ನಾನು ಎಷ್ಟು ಸಲ ಅಂದಿದ್ದೆನೋ ಲೆಕ್ಕವಿಲ್ಲ. ಕೊನೆಗೆ ನೋವಿನ ಚಿಕಿತ್ಸೆಯ ಡಾಕ್ಟರೊಬ್ಬರು, ‘ನೋವು ಹತ್ತಕ್ಕೆ ಎಷ್ಟು ಅಂತ ಹೇಳಿ’ ಎಂದು ಕೇಳಿದರು. ಈಕೆ ಯೋಚಿಸಿ, ‘ಹತ್ತರ ಲೆಕ್ಕ ಗೊತ್ತಾಗಲ್ಲ ಡಾಕ್ಟ್ರೇ, ರೂಪಾಯಿಗೆ ಹದಿನಾಲ್ಕಾಣೆ ಅನ್ನಿ’ ಎಂದಳು. ಅದನ್ನು ಕೇಳಿ ನಾನು ಬೆಚ್ಚಿದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಪಟ್ಟಿ ಬಂದದ್ದು ಹಾಗೆ. ಮೊದಲ ವಾರವೇ ಬಸವೇಶ್ವರನಗರದಿಂದ ನಮ್ಮ ಸೋದರತ್ತೆ ಬಂದರು. ‘ಅಲ್ಲ ಕಣೋ, ನೋವು ಸೊಂಟಕ್ಕೆ, ಪಟ್ಟಿ ಹಚ್ಚಿರೋದು ತೋಳಿಗೆ! ಕಣ್ಣು ಕಾಣುತ್ತೋ ಇಲ್ವೋ ನಿನಗೆ?’ ಎಂದರು. ಅವರದೂ ತಪ್ಪಲ್ಲ. ತಲೆನೋವಿಗೆ ಹಣೆಗೆ ಶುಂಠಿ ತೇಯ್ದು ಪಟ್ಟು ಹಾಕಿಸಿಕೊಂಡು ಬೆಳೆದವರು ನಾವು. ಪಟ್ಟು ಹಾಕಿದ ಕಡೆ ಕೆಲಸ ಮಾಡಬೇಕು. ಈ ಪಟ್ಟಿ ಹಾಗಲ್ಲ. ಇದರೊಳಗಿನ ಬ್ಯುಪ್ರೆನಾರ್ಫಿನ್ ಎಂಬ ಮದ್ದು ಚರ್ಮದ ಮೂಲಕ ರಕ್ತಕ್ಕೆ ಇಳಿದು, ಮೆದುಳು ಮತ್ತು ಬೆನ್ನುಹುರಿಗಳಲ್ಲಿ ನೋವಿನ ಸುದ್ದಿಯ ಸದ್ದು ತಗ್ಗಿಸುತ್ತದೆ. ಮೇಲ್ತೋಳು, ಎದೆಯ ಮೇಲ್ಭಾಗ, ಬೆನ್ನಿನ ಮೇಲ್ಭಾಗ, ಎಲ್ಲಿ ಅಂಟಿಸಿದರೂ ಏಳು ದಿನ ಸಣ್ಣಗೆ ಇಳಿಯುತ್ತಲೇ ಇರುತ್ತದೆ. ಒಮ್ಮೆ ಹಚ್ಚಿದ ಜಾಗಕ್ಕೆ ಕನಿಷ್ಠ ಮೂರು ವಾರ ಮತ್ತೆ ಹಚ್ಚುವಂತಿಲ್ಲ. ಆದ್ದರಿಂದ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕ ‘ಎಡತೋಳು’, ‘ಬಲ ಎದೆ’ ಎಂದೂ ಬರೆದಿರುತ್ತದೆ.

ಇದೆಲ್ಲ ಅತ್ತೆಗೆ ವಿವರಿಸುವ ಉತ್ಸಾಹದಲ್ಲಿ, ಈ ಮದ್ದಿನ ಮೂಲ ಗಸಗಸೆ ಗಿಡದ ಅಫೀಮಿನಲ್ಲಿದೆ ಎಂದುಬಿಟ್ಟೆ. ಅವರು ಎದೆ ಮೇಲೆ ಕೈಯಿಟ್ಟುಕೊಂಡರು. ‘ಅಯ್ಯೋ, ಚಟ ಹತ್ತಿಬಿಡುತ್ತೆ ಕಣೋ!’

ಆ ಮಾತು ಹೋಗಲಿಲ್ಲ. 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಮದ್ದು ಇದು. ಡಾಕ್ಟರ ಚೀಟಿಯಿಲ್ಲದೆ ಕೊಡುವಂತಿಲ್ಲ. ಔಷಧಿ ಅಂಗಡಿಯ ಹುಡುಗ ಚೀಟಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಾಗ, ನನಗೆ ಅತ್ತೆಯ ದನಿಯೇ ಕೇಳಿಸಿತು. ಮುಂದಿನ ಭಾನುವಾರ, ‘ಈ ವಾರ ಬಿಟ್ಟು ನೋಡೋಣವೇನೇ?’ ಎಂದೆ. ಡಾಕ್ಟರನ್ನು ಕೇಳಲಿಲ್ಲ. ಆಕೆ ‘ಹೂಂ’ ಎಂದಳು.

ಸೋಮವಾರ ಹೇಗೋ ಕಳೆಯಿತು. ಮಂಗಳವಾರ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಪಕ್ಕದಲ್ಲಿ ಆಕೆ ಇರಲಿಲ್ಲ. ಅಡುಗೆಮನೆಯಲ್ಲಿ ದೀಪ ಹಾಕದೆ, ಕಟ್ಟೆಗೆ ಎರಡೂ ಕೈ ಊರಿ, ಸೀರೆಯ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದಳು. ಮೈಯೆಲ್ಲ ಬೆವರು.

‘ನನ್ನನ್ನ ಯಾಕೆ ಎಬ್ಬಿಸಲಿಲ್ಲ?’

‘ನೋವು ಅಂದ್ರೆ ಚಟ ಅನ್ಕೋತೀರೇನೋ ಅಂತ ಸುಮ್ಮನಿದ್ದೆ ರೀ.’

ಎಂಟು ವರ್ಷದ ನೋವಿನಲ್ಲಿ ಆಕೆ ನನ್ನನ್ನು ಬೈದದ್ದಿಲ್ಲ. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವರು ಗದರಲಿಲ್ಲ, ವಿವರಿಸಿದರು. ಮದ್ದಿಗೆ ಮೈ ಒಗ್ಗಿಕೊಳ್ಳುವುದು ಒಂದು, ಚಟ ಇನ್ನೊಂದು. ಒಗ್ಗಿಕೊಂಡ ಮೈಗೆ ಮದ್ದು ಥಟ್ಟನೆ ನಿಂತರೆ ಬೆವರು, ಚಡಪಡಿಕೆ ಬರಬಹುದು, ಅದೇ ಚಟವಲ್ಲ. ಹಾನಿಯಾಗುತ್ತಿದ್ದರೂ ಬಿಡಲಾರದೆ ಮದ್ದಿನ ಬೆನ್ನು ಹತ್ತುವುದು ಚಟ. ಅದರ ಅಪಾಯ ಇಲ್ಲವೆಂದಲ್ಲ, ಅದಕ್ಕೇ ಅವರು ಆಗಾಗ ಕರೆಸಿ ನೋಡುವುದು. ಕಡಿಮೆ ಮಾಡುವುದಾದರೆ ಹಂತಹಂತವಾಗಿ ಅವರೇ ಮಾಡಿಸಬೇಕು. ಅವರು ಹೇಳಿದಂತೆ ಪಟ್ಟಿ ಹಚ್ಚಿದೆ. ಆದರೆ ಈ ಮದ್ದು ಪೂರ್ತಿ ಹಿಡಿತಕ್ಕೆ ಬರಲು ಮೂರು ದಿನ ಬೇಕು. ನನ್ನ ಒಂದು ‘ನೋಡೋಣ’ಕ್ಕೆ ಆ ಮೂರು ದಿನವನ್ನೂ ತೆತ್ತವಳು ಆಕೆ.

ಅಂದಿನಿಂದ ನಾನು ಒಳ್ಳೆಯ ವಿದ್ಯಾರ್ಥಿ. ಶಾಖ ತಗುಲಿದರೆ ಪಟ್ಟಿಯಿಂದ ಮದ್ದು ಹೆಚ್ಚು ಇಳಿಯುತ್ತದೆ; ಆದ್ದರಿಂದ ಪಟ್ಟಿಯಿರುವ ಕಡೆ ಬಿಸಿನೀರಿನ ಚೀಲ ಇಡುವುದಿಲ್ಲ, ಹಬ್ಬದ ಸುಡುನೀರಿನ ಅಭ್ಯಂಜನಕ್ಕೂ ರಜೆ. ಜ್ವರ ಬಂದರೆ ಡಾಕ್ಟರಿಗೆ ತಿಳಿಸಬೇಕು. ಎಣ್ಣೆ, ಕ್ರೀಮು ಇದ್ದ ಚರ್ಮಕ್ಕೆ ಪಟ್ಟಿ ಅಂಟದು. ಕತ್ತರಿಸಿ ಹಚ್ಚಬಾರದು. ಅವರನ್ನು ಕೇಳದೆ ನಿದ್ದೆ ಮಾತ್ರೆ ಕೂಡದು. ಮಲಬದ್ಧತೆ ಬಂದರೆ ನಾಚದೆ ಹೇಳಬೇಕು. ಎಬ್ಬಿಸಿದರೂ ಏಳದಂಥ ಮಂಪರು, ತೀರ ನಿಧಾನವಾದ ಉಸಿರು ಕಂಡರೆ ಪಟ್ಟಿ ಕಿತ್ತು, ತಕ್ಷಣ 108ಕ್ಕೆ ಫೋನು ಮಾಡಬೇಕು. ಬಳಸಿದ ಪಟ್ಟಿಯಲ್ಲೂ ಮದ್ದು ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಮೊಮ್ಮಗುವಿನ ಕೈಗೆ ಎಂದೂ ಸಿಗದಂತೆ ವಿಲೇವಾರಿ ಮಾಡುತ್ತೇನೆ.

ಇವೆಲ್ಲ ಕಲಿಯಬಹುದಾದ ಪಾಠಗಳು. ಕಷ್ಟದ ಪಾಠ ನಂಬುವುದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ತನಗೆ ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಸೇರಿಸಿತು. ದೊಡ್ಡ ದೊಡ್ಡ ತಜ್ಞರು ಕೂಡಿ ಬರೆಯಬೇಕಾದ ಮಾತೇ ಇದು ಎಂದು ಮೊದಲು ಅನ್ನಿಸಿತ್ತು. ನನ್ನಂಥ ಗಂಡಂದಿರಿಗಾಗಿ ಬರೆಯಲೇಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಪಟ್ಟಿಯಿಂದ ನೋವು ಮಾಯವಾಗಿಲ್ಲ. ಈಗ ಪ್ರತಿ ಸಂಜೆ ನಾನು ‘ಇವತ್ತು ಎಷ್ಟಾಣೆ?’ ಎಂದು ಕೇಳುತ್ತೇನೆ. ಕೆಲವು ದಿನ ಹತ್ತು. ‘ಆರಾಣೆ’ ಎಂದ ದಿನ ಇಬ್ಬರೂ ನಿಧಾನವಾಗಿ ರಾಮಮಂದಿರದವರೆಗೆ ನಡೆದು, ಹೂ ಕೊಂಡು ಬರುತ್ತೇವೆ. ಮೊನ್ನೆ ದಾರಿಯಲ್ಲಿ ಆಕೆ, ‘ನಿಮ್ಮ ಮಂಡಿ ನೋವು ಎಷ್ಟಾಣೆ?’ ಎಂದಳು. ‘ಎರಡಾಣೆ’ ಎಂದೆ. ಆಕೆ ನನ್ನ ಮುಖ ನೋಡಿ, ‘ಸುಳ್ಳು ಹೇಳಬೇಡಿ, ನಾಲ್ಕಾದರೂ ಇದೆ’ ಎಂದು, ಬೆಂಚು ಕಂಡ ಕಡೆ ನನ್ನನ್ನು ಕೂರಿಸಿದಳು.