ಆಟಕ್ಕುಂಟು, ಲೆಕ್ಕಕ್ಕೂ ಉಂಟು

"ಮಿಸ್, ಫೈನಲ್‌ನಲ್ಲಿ ನಾವು ಸೋಲೋದು ಗ್ಯಾರಂಟಿ. ಸುಮ್ಮನೆ ಯಾಕೆ ಆಡಬೇಕು?"

ಕ್ರೀಡಾದಿನದ ಹಿಂದಿನ ದಿನ ಥ್ರೋಬಾಲ್ ತಂಡದ ಮಕ್ಕಳು ನಮ್ಮನ್ನು ಕೇಳಿದ ಪ್ರಶ್ನೆಯಿದು. ನಮಗೆ ಬೇಸರವಾದದ್ದು ಸೋಲಿನ ಬಗ್ಗೆ ಅಲ್ಲ. ಆಡುವ ಮೊದಲೇ ಮಕ್ಕಳು ಲೆಕ್ಕ ಮುಗಿಸಿಬಿಟ್ಟಿದ್ದರಲ್ಲ, ಅದಕ್ಕೆ. ಈ ಲೆಕ್ಕವನ್ನು ಅವರು ಕಲಿತದ್ದು ಹಿರಿಯರಾದ ನಮ್ಮಿಂದಲೇ. "ಅವನು ಬಿಡಿ, ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ!

ಮಕ್ಕಳ ಪ್ರಶ್ನೆಗೆ ಉತ್ತರವನ್ನು ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಆಟದಿಂದ ಕೊಡಬಯಸುತ್ತೇವೆ. ಅದೇ ಐಸ್ ಹಾಕಿ. ಹಾಕಿ ಎಂದೊಡನೆ ಕನ್ನಡಿಗರಾದ ನಮಗೆ ಕೊಡಗು ನೆನಪಾಗುತ್ತದೆ. ಮಂಜುಗಡ್ಡೆಯ ಮೇಲಿನ ಹಾಕಿ ಬೇರೆಯೇ ಆಟ. ಒಂದೊಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರು ಜನ ಕಣದಲ್ಲಿರುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಚೆಂಡಿನ ಬದಲು ಸುಮಾರು 170 ಗ್ರಾಂ ತೂಕದ, 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಗೋಲಿನತ್ತ ಹತ್ತಾರು ಹೊಡೆತಗಳು ಬಂದರೂ ಒಳಗೆ ಹೋಗುವುದು ಕೆಲವು ಮಾತ್ರ. ಹೀಗಾಗಿ ಯಾರದೋ ಸ್ಕೇಟಿಗೆ ತಗುಲಿ ಪಕ್ ದಿಕ್ಕು ಬದಲಿಸಿದರೆ, ಅಥವಾ ಗೋಲ್‌ಕೀಪರ್ ಒಂದು ಸಂಜೆ ಗೋಡೆಯಂತೆ ನಿಂತುಬಿಟ್ಟರೆ, ದುರ್ಬಲ ತಂಡವೂ ಗೆಲ್ಲಬಹುದು.

ಅದಕ್ಕೇ ಇರಬೇಕು, ಉತ್ತರ ಅಮೆರಿಕದ ಸ್ಟಾನ್ಲಿ ಕಪ್ ಫೈನಲ್ ಒಂದೇ ಪಂದ್ಯದಲ್ಲಿ ಮುಗಿಯುವುದಿಲ್ಲ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕನ್ನು ಗೆದ್ದವರಿಗೆ ಕಪ್. ಇಲ್ಲಿ ಸ್ವಲ್ಪ ಗಣಿತ ನೋಡೋಣ. ಒಂದು ಪಂದ್ಯ ಗೆಲ್ಲಲು ದುರ್ಬಲ ತಂಡಕ್ಕೆ ನೂರಕ್ಕೆ 40ರಷ್ಟು ಅವಕಾಶವಿದೆ ಎನ್ನಿ. ಏಳು ಪಂದ್ಯಗಳ ಸರಣಿಯಲ್ಲಿ ಆ ಅವಕಾಶ ಸುಮಾರು 29ಕ್ಕೆ ಇಳಿಯುತ್ತದೆ. (ಹನ್ನೊಂದು, ಹನ್ನೆರಡನೆಯ ತರಗತಿಯವರು ಸಂಭವನೀಯತೆಯ ಪಾಠ ತೆಗೆದು ತಾಳೆ ನೋಡಿ.) 29 ಎಂಬುದು ಕಡಿಮೆ, ನಿಜ. ಆದರೆ ಅದು ಸೊನ್ನೆಯಲ್ಲ. ಈ 29ಕ್ಕೂ ಸೊನ್ನೆಗೂ ಇರುವ ಅಂತರವೇ ನಮ್ಮ ಈ ಲೇಖನದ ವಿಷಯ.

2006ನೇ ಇಸವಿಯ ಕೆನಡಾದ ಎಡ್ಮಂಟನ್ ಆಯಿಲರ್ಸ್ ತಂಡವನ್ನೇ ನೋಡಿ. ಪಶ್ಚಿಮ ವಿಭಾಗದ ಎಂಟು ತಂಡಗಳಲ್ಲಿ ಎಂಟನೆಯದಾಗಿ ನಾಕ್‌ಔಟ್ ಹಂತಕ್ಕೆ ಬಂದದ್ದು. ಮೊದಲ ಸುತ್ತಿನಲ್ಲೇ, ಆ ಋತುವಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದ ಡೆಟ್ರಾಯಿಟ್ ತಂಡವನ್ನು ಮನೆಗೆ ಕಳಿಸಿತು. ನಂತರ ಸ್ಯಾನ್ ಹೋಸೆ, ಆಮೇಲೆ ಅನಾಹೈಮ್. ಫೈನಲ್‌ನಲ್ಲಿ ಎದುರಾದದ್ದು ಕ್ಯಾರೊಲೈನಾ. ಮೊದಲ ಪಂದ್ಯದಲ್ಲಿ ಎಡ್ಮಂಟನ್ 3-0 ಮುಂದಿತ್ತು. ಆದರೆ ಮೂರನೆಯ ಅವಧಿಯಲ್ಲಿ ಅದರ ಆಧಾರಸ್ತಂಭವಾಗಿದ್ದ ಗೋಲ್‌ಕೀಪರ್ ಡ್ವೇಯ್ನ್ ರೊಲೊಸನ್ ಗಾಯಗೊಂಡು ಹೊರನಡೆದರು. ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು ತಂಡ 5-4ರಲ್ಲಿ ಸೋತಿತು. ನಾಲ್ಕು ಪಂದ್ಯಗಳು ಮುಗಿಯುವಷ್ಟರಲ್ಲಿ 3-1ರಿಂದ ಹಿಂದೆ ಬಿದ್ದಿತ್ತು.

ಇನ್ನೇನು, ಮುಗಿಯಿತು ಎಂದು ಎಲ್ಲರೂ ಹೇಳುವ ಹೊತ್ತು. ಐದನೆಯ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಶಿಕ್ಷೆಯಿಂದಾಗಿ ಒಬ್ಬ ಆಟಗಾರ ಕಡಿಮೆಯಿದ್ದಾಗಲೇ, ಎಡ್ಮಂಟನ್ ಊರಿನವರೇ ಆದ ಫರ್ನಾಂಡೊ ಪಿಸಾನಿ ಗೋಲು ಹೊಡೆದು ಪಂದ್ಯ ಗೆಲ್ಲಿಸಿದರು. ಆರನೆಯ ಪಂದ್ಯದಲ್ಲಿ 4-0 ಜಯ. ಜೂನ್ 19ರಂದು ನಡೆದ ಏಳನೆಯ ಪಂದ್ಯದಲ್ಲಿ 3-1ರ ಸೋಲು. ಕಪ್ ಕೈತಪ್ಪಿತು.

"ನೋಡಿದಿರಾ, ಕೊನೆಗೂ ಸೋತರು" ಎನ್ನುವವರಿದ್ದಾರೆ. ಅವರಿಗೆ 2012ರ ಲಾಸ್ ಏಂಜಲೀಸ್ ಕಿಂಗ್ಸ್ ತಂಡವನ್ನು ತೋರಿಸುತ್ತೇವೆ. ಅದೂ ಎಂಟನೆಯ ಸ್ಥಾನದಿಂದಲೇ ಹೊರಟು, ಫೈನಲ್‌ನಲ್ಲಿ ನ್ಯೂಜೆರ್ಸಿಯನ್ನು 4-2ರಿಂದ ಸೋಲಿಸಿ ಕಪ್ ಎತ್ತಿತು. ಎಂಟನೆಯ ಸ್ಥಾನದ ತಂಡವೊಂದು ಸ್ಟಾನ್ಲಿ ಕಪ್ ಗೆದ್ದದ್ದು ಅದೇ ಮೊದಲು. ನೂರಕ್ಕೆ 29 ಎಂದರೆ ಇದೇ ಅರ್ಥ. ಹೆಚ್ಚು ಸಲ ಸೋಲು, ಕೆಲವು ಸಲ ಗೆಲುವು. ಯಾವ ಸಲ ಎಂಬುದು ಆಡಿದವರಿಗೆ ಮಾತ್ರ ತಿಳಿಯುತ್ತದೆ.

ಹಾಗೆಂದು "ಪವಾಡ ನಡೆಯುತ್ತೆ ಬಿಡಿ" ಎಂದು ಕೈಕಟ್ಟಿ ಕೂರುವುದನ್ನೂ ನಾವು ಒಪ್ಪುವುದಿಲ್ಲ. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರು ಬಲಾಢ್ಯ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ್ದನ್ನು ಲೋಕವೆಲ್ಲ ಪವಾಡವೆಂದಿತು. ಅದಕ್ಕೆ ಎರಡು ವಾರ ಮೊದಲು ಅದೇ ಎದುರಾಳಿಗೆ ಅವರು 10-3ರಿಂದ ಸೋತಿದ್ದರು. ಆ "ಪವಾಡ"ದ ಹಿಂದೆ ತರಬೇತುದಾರ ಹರ್ಬ್ ಬ್ರೂಕ್ಸ್ ಮಾಡಿಸಿದ ತಿಂಗಳುಗಟ್ಟಲೆ ಕಠಿಣ ಅಭ್ಯಾಸವಿತ್ತು. ಇನ್ನೂ ಒಂದು ಮಾತನ್ನು ಹಲವರು ಮರೆಯುತ್ತಾರೆ. ಆ ಗೆಲುವಿನಿಂದಲೇ ಚಿನ್ನ ಬರಲಿಲ್ಲ. ಎರಡು ದಿನಗಳ ನಂತರ ಫಿನ್ಲೆಂಡ್ ವಿರುದ್ಧ 2-1ರಿಂದ ಹಿಂದಿದ್ದು, ಕೊನೆಯ ಅವಧಿಯಲ್ಲಿ ಮೂರು ಗೋಲು ಹೊಡೆದ ಮೇಲೆಯೇ ಪದಕ ಅವರದಾಯಿತು.

ಇದೆಲ್ಲ ದೂರದ ಮಾತಾಯಿತು ಎನ್ನಬೇಡಿ. ನಾವಿರುವ ಕೊಲ್ಲಿ ನಾಡಿನಲ್ಲೇ, ಯುಎಇಯ ಅಲ್ ಐನ್ ನಗರದಲ್ಲಿ 2025ರಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಐಸ್ ಹಾಕಿಯಲ್ಲಿ ಭಾರತದ ತಂಡ ಕಂಚು ಗೆದ್ದಿತು. ತಂಡದ ಹೆಚ್ಚಿನವರು ಲಡಾಖ್‌ನ ಹೆಣ್ಣುಮಕ್ಕಳು, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಗಳ ಮೇಲೆ ಆಡಿ ಬೆಳೆದವರು. 2016ರಲ್ಲಿ ಮೊದಲ ಅಂತಾರಾಷ್ಟ್ರೀಯ ಟೂರ್ನಿಗೆ ಹೋದಾಗ ಈ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಅಂದು ಅವರ ಮನೆಯವರು "ಇದೆಲ್ಲ ನಿಮ್ಮ ಕೈಲಾಗುವುದಲ್ಲ" ಎಂದು ನಿಲ್ಲಿಸಿಬಿಟ್ಟಿದ್ದರೆ?

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಗುವಿಗೆ "ನೀನೇ ಗೆಲ್ಲುತ್ತೀಯ" ಎಂದು ಸುಳ್ಳು ಭರವಸೆ ಕೊಡಬೇಡಿ, ಸೋತಾಗ ಅದು ಇನ್ನಷ್ಟು ನೋಯಿಸುತ್ತದೆ. "ನಿನ್ನಿಂದಾಗದು" ಎಂದು ಬಾಗಿಲನ್ನೂ ಮುಚ್ಚಬೇಡಿ. "ಅವಕಾಶ ಕಡಿಮೆ ಇದೆ, ಆದರೆ ಇದೆ. ಅಭ್ಯಾಸ ಮಾಡಿದರೆ ಸ್ವಲ್ಪ ಹೆಚ್ಚುತ್ತದೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮಕ್ಕಳು ನಿಜವನ್ನು ತಡೆದುಕೊಳ್ಳಬಲ್ಲರು. ಅವರು ತಡೆದುಕೊಳ್ಳಲಾರದ್ದು ನಮ್ಮ ಉದಾಸೀನವನ್ನು.

ಅಂದಹಾಗೆ, ನಮ್ಮ ಥ್ರೋಬಾಲ್ ಮಕ್ಕಳು ಮರುದಿನ ಆಡಿದರು, ಸೋತರು. ಆದರೆ ಒಂದು ಸೆಟ್ ಗೆದ್ದು, ಮೂರನೆಯ ಸೆಟ್‌ವರೆಗೆ ಹೋರಾಡಿ ಸೋತರು. ಸಂಜೆ ಅವರಲ್ಲೊಬ್ಬಳು ಬಂದು ಕೇಳಿದಳು: "ಮಿಸ್, ಮುಂದಿನ ವರ್ಷದ ಪ್ರಾಕ್ಟೀಸ್ ಯಾವಾಗಿಂದ?"

ಅವಳು ಲೆಕ್ಕವನ್ನು ಸರಿಯಾಗಿ ಕಲಿತಿದ್ದಾಳೆ ಎಂದು ನಮಗನ್ನಿಸಿತು.